ಮಹಡಿಯ ಶೂಟಿಂಗ್‌ಗೆ ಬಂದ ಓನರಮ್ಮ

ನಮ್ಮ ಓನರಮ್ಮನ ಎಡ ಹುಬ್ಬಿನ ನಡುವೆ ಕುಡುಗೋಲಿನ ಹಳೆಯ ಗಾಯ ಬಿಳಿ ಗೆರೆಯಾಗಿ ಉಳಿದಿತ್ತು. ಸಿಟ್ಟು ಬಂದರೆ ಆ ಗೆರೆ ಮೇಲೇರುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ನಮಗೆ ಗೊತ್ತಾಗುತ್ತಿತ್ತು. ಚಿಕ್ಕಲಸಂದ್ರದಲ್ಲಿ ಅವರ ಮನೆಯ ಮೊದಲ ಮಹಡಿಯಲ್ಲಿ ನಾವು ಬಹಳ ವರ್ಷ ಬಾಡಿಗೆಗಿದ್ದೆವು. ಅವರ ಗಂಡ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಎದ್ದ ಮನೆ ಅದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬೀದಿ ಕಡೆ ಬಟ್ಟೆ ಒಣಹಾಕುವಂತಿಲ್ಲ. ಆದರೆ ಅವರೆಕಾಯಿ ಕಾಲದಲ್ಲಿ ಕೆಳಗೆ ಹಿತಕಿದ ಬೇಳೆ ಸಾರು ಕುದ್ದರೆ ನಮಗೂ ಒಂದು ಪಾತ್ರೆ ಬರುತ್ತಿತ್ತು. "ಬಿಸಿಯಾಗಿದ್ದಾಗ್ಲೇ ತಿನ್ನಿ" ಎಂದು ಬಾಗಿಲಲ್ಲೇ ಇಟ್ಟು ಇಳಿದುಬಿಡುತ್ತಿದ್ದರು.

ಡಿಗ್ರಿಯ ಕೊನೆಯ ವರ್ಷದಲ್ಲಿ ಕಾಲೇಜಿಗೆ ಐದು ನಿಮಿಷದ ಕಿರುಚಿತ್ರವೊಂದನ್ನು ಮಾಡಿಕೊಡಬೇಕಿತ್ತು. ಕಥೆ ನನ್ನದು: ಹೆಂಗಸೊಬ್ಬಳು ತವರಿನ ಜಮೀನಿನಲ್ಲಿ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುತ್ತಾಳೆ, ಪತ್ರಕ್ಕೆ ಸಹಿ ಹಾಕುತ್ತ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಇಂಟರ್ನೆಟ್ಟಿನಲ್ಲಿ ಮಾದರಿ ನೋಡಿ ಹಕ್ಕು ಬಿಡುಗಡೆ ಪತ್ರವನ್ನು ನಾನೇ ಟೈಪ್ ಮಾಡಿದ್ದೆ. ನಟಿಸಲು ಗೆಳತಿಯ ದೊಡ್ಡಮ್ಮ ಜಯನಗರದಿಂದ ಬರುವವರಿದ್ದರು. ಸೋಮವಾರ ಬೆಳಿಗ್ಗೆ ಚಿತ್ರ ಒಪ್ಪಿಸಬೇಕು. ಭಾನುವಾರ ಹತ್ತು ಗಂಟೆಗೆ ದೊಡ್ಡಮ್ಮ ಕಾಲು ಉಳುಕಿಸಿಕೊಂಡ ಸುದ್ದಿ ಬಂತು. ಬಾಡಿಗೆಗೆ ತಂದ ದೊಡ್ಡ ಲೈಟನ್ನಾದರೂ ಹಾಕಿ ನೋಡೋಣವೆಂದು ನಾನೂ ಗೆಳತಿಯೂ ಸ್ವಿಚ್ ಒತ್ತಿದೆವು. ಇಡೀ ಮನೆಯ ಕರೆಂಟ್ ಹೋಯಿತು.

ಓನರಮ್ಮ ಮೇಲೆ ಬಂದರು. ಅಪ್ಪ ಅಮ್ಮ ಊರಲ್ಲಿರಲಿಲ್ಲ. ಅದೇ ತಿಂಗಳು ನಮ್ಮ ಅಗ್ರಿಮೆಂಟ್ ಮುಗಿಯುವುದಿತ್ತು.

"ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

ತೊದಲುತ್ತ ಎಲ್ಲ ಹೇಳಿದೆ. ಕಥೆಯನ್ನೂ ಹೇಳಬೇಕಾಯಿತು.

"ಅವ್ಳು ಯಾಕ್ ಅಳ್ತಾಳೆ?"

"ಬೇಜಾರಾಗುತ್ತಲ್ಲ ಅಜ್ಜಿ."

"ಯಾರೂ ಅಳಲ್ಲ ಕಣವ್ವ. ಅಂಜನಾಪುರದಲ್ಲಿ ನಮ್ಮಪ್ಪನ ಮನೇಲಿ ನಾನ್ ಸೈನ್ ಹಾಕ್ದಾಗ ನಗ್ನಗ್ತಾ ಇದ್ದೆ. ಎಲ್ರಿಗೂ ಕಾಫಿ ಕೊಟ್ಟೆ. ಮುಖ ಗಂಟು ಹಾಕ್ಕೊಂಡ್ರೆ ಆಮೇಲೆ ಹಬ್ಬಕ್ಕೆ ಕರೀತಾರಾ?"

ನಾನೂ ಗೆಳತಿಯೂ ಮುಖ ಮುಖ ನೋಡಿಕೊಂಡೆವು. "ಅದನ್ನೇ ಮಾಡಿ ತೋರಿಸ್ತೀರಾ ಅಜ್ಜಿ?" ಎಂದಳು ಗೆಳತಿ. ಅವರು ಸೆರಗು ಸರಿಮಾಡಿಕೊಂಡು ಕೂತರು.

ಕಿಟಕಿಯ ಬೆಳಕೇ ಸಾಕೆಂದು ಗೆಳತಿ ಫೋನಿನಲ್ಲಿ ಚಿತ್ರೀಕರಿಸತೊಡಗಿದಳು. ನಾನು ಅಣ್ಣನ ಮಗಳಾಗಿ ಪತ್ರ ಹಿಡಿದು ಎದುರಿಗೆ ಕೂತೆ. ಓನರಮ್ಮ ಖಾಲಿ ಕುರ್ಚಿಗಳ ಕಡೆ ತಿರುಗಿ ನಗುತ್ತ "ಸಕ್ಕರೆ ಸಾಕಾ ಅಣ್ಣ?" ಎಂದರು. ಪೆನ್ನು ತೆಗೆದುಕೊಂಡರು. ತುದಿ ಕಾಗದಕ್ಕೆ ತಾಗಿತು, ಅಲ್ಲೇ ನಿಂತಿತು.

"ಏನ್ ಬರ್ದದೆ, ಓದು."

ಅದು ನಮ್ಮ ಕಥೆಯಲ್ಲಿರಲಿಲ್ಲ. ಅವರಿಗೆ ಹೆಸರು ಬರೆಯಲು ಬರುತ್ತಿತ್ತೇ ಹೊರತು ಓದು ಬರುತ್ತಿರಲಿಲ್ಲ. ಗೆಳತಿ ಕಣ್ಣಲ್ಲೇ ಓದು ಎಂದಳು. ಓದಿದೆ. "ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ" ಎಂಬಲ್ಲಿ ಅವರು ಕೈ ಎತ್ತಿದರು.

"ಇನ್ನೊಂದ್ಸಲ ಓದು."

ಓದಿದೆ.

"ನಂದರಲ್ಲೂ ಇದೇ ಬರ್ದಿದ್ರಾ?"

"ಎಲ್ಲದರಲ್ಲೂ ಇರುತ್ತೆ ಅನ್ಸುತ್ತೆ ಅಜ್ಜಿ."

ಆಗಲೇ ಅವರ ಮಗ ಕರೆಂಟ್ ವಿಚಾರಿಸಲು ಬಂದವರು ಬಾಗಿಲು ತಳ್ಳಿದರು. ಕಂಡದ್ದು ತಾಯಿ, ಅವರ ಕೈಯಲ್ಲಿ ಪೆನ್ನು, ಎದುರಿಗೆ ಪತ್ರ. ಧಾವಿಸಿ ಬಂದು ಅದನ್ನು ಕಿತ್ತುಕೊಂಡರು.

"ನಮ್ಮಮ್ಮನ ಹತ್ರ ಏನಕ್ಕೆ ಸೈನ್ ಹಾಕಿಸ್ತಿದ್ದೀರ? ಯಾರ್ ಕಳ್ಸಿದ್ದು ನಿಮ್ನ?"

"ಅಂಕಲ್, ಕಾಲೇಜ್ ಪ್ರಾಜೆಕ್ಟ್…"

"ಫೋನ್ ಕೊಡಿ ಇಲ್ಲಿ. ನಿಮ್ಮಪ್ಪಂಗೆ ಹೇಳಿ, ಮನೆ ಖಾಲಿ ಮಾಡ್ಬೇಕು ಅಂತ."

ಓನರಮ್ಮ ದನಿ ಏರಿಸಲಿಲ್ಲ. "ಕಾಗ್ದ ವಾಪಸ್ ಕೊಡಪ್ಪ ಅವ್ಳಿಗೆ. ಅವತ್ತು ಅಂಜನಾಪುರದಲ್ಲಿ ನೀನೂ ನನ್ ಪಕ್ಕ ಕೂತಿದ್ದೆ. ಓದ್ದೋನು. ಏನಕ್ಕೆ ಸೈನ್ ಅಂತ ಅವತ್ತು ಕೇಳ್ಲಿಲ್ಲ ನೀನು."

ಮಗ ಮುದುಡಿದ ಕಾಗದವನ್ನು ಟೀಪಾಯಿಯ ಮೇಲಿಟ್ಟು ಕೆಳಗಿಳಿದು ಹೋದರು. ಓನರಮ್ಮ ಪೆನ್ನಿನ ಮುಚ್ಚಳ ಹಾಕಿದರು.

"ನಾನ್ ಇದಕ್ಕೆ ಹಾಕಲ್ಲ ಕಣವ್ವ. ಸುಳ್ಳು ಕಾಗ್ದ ಆದ್ರೂ ಹಾಕಲ್ಲ."

ಮಗ ಬಂದ ಭಾಗವನ್ನು ತೆಗೆದು, ಈ ಮಾತಿಗೆ ಚಿತ್ರ ಮುಗಿಸಿದೆವು. ಅಂತ್ಯ ಸ್ಪಷ್ಟವಾಗಿಲ್ಲ ಎಂದರು ಮೇಷ್ಟ್ರು. ಸಾಧಾರಣ ಅಂಕ ಬಂತು. ಅಗ್ರಿಮೆಂಟ್ ಮಾತ್ರ ಮಾತಿಲ್ಲದೆ ಮುಂದುವರಿಯಿತು. ಈಗ ಸಾಕ್ಷ್ಯಚಿತ್ರ ಮಾಡುವುದೇ ನನ್ನ ಕೆಲಸ. ಯಾರದೇ ದುಃಖವನ್ನು ಅವರನ್ನು ಕೇಳದೆ ನಾನೇ ಬರೆದುಬಿಡುವ ಧೈರ್ಯ ಅವತ್ತಿನಿಂದ ನನಗಿಲ್ಲ. ಆ ಹಿಂಜರಿಕೆ ಓನರಮ್ಮ ಕೊಟ್ಟದ್ದು.

ಹೋದ ವರ್ಷ ಓನರಮ್ಮ ತೀರಿಕೊಂಡರು. ಹನ್ನೊಂದನೆಯ ದಿನ ಅಂಜನಾಪುರದ ಅಣ್ಣತಮ್ಮಂದಿರು ಶಾಮಿಯಾನದಡಿ ಊಟಕ್ಕೆ ಕೂತಿದ್ದರು. ಮಗ ನನ್ನನ್ನು ಮೆಟ್ಟಿಲ ಬಳಿ ಕರೆದು, "ಆ ವಿಡಿಯೋ ಇನ್ನೂ ಇದ್ಯಾಮ್ಮ?" ಎಂದು ಕೇಳಿದರು.

"ಇದೆ ಅಂಕಲ್. ನೀವು ಬಂದಿದ್ದನ್ನ ತೆಗೆದಿದೀವಿ."

"ತೆಗೀದೇ ಇರೋದು ಇದ್ರೆ ಅದನ್ನ ಕಳ್ಸು. ಅಮ್ಮ ನನಗೆ ಹೇಳಿದ್ದೂ ಇರ್ಲಿ."