ಬಿಲ್ಲೆಯ ಬಣ್ಣ ನೋಡುವ ಡಾಕ್ಟರು

ನಮ್ಮ ಸಂಸ್ಥಾನದ ಆಸ್ಪತ್ರೆಯ ಎಕ್ಸ್‌ರೇ ಡಾಕ್ಟರು ವೆರಿ ಪರ್ಟಿಕ್ಯುಲರ್. ಚಹಾದ ಬಣ್ಣವನ್ನೂ ನಿನ್ನೆಯ ಚಹಾದೊಡನೆ ಹೋಲಿಸುವವರು. ಅವರ ಕಾಲುಚೀಲಗಳು ಮಾತ್ರ, ಪೂರ್ ಮ್ಯಾನ್, ಎಂದೂ ಜೋಡಿಯಾಗಿರುತ್ತಿರಲಿಲ್ಲ. “ಗಡಬಡಿ ಬ್ಯಾಡ್ರಿ, ಕೂಡಿಸಿ ನೋಡೂಣು” ಎನ್ನುವುದು ಅವರ ಮಂತ್ರ.

ಕಾನ್ವೆಂಟಿನ ರಜೆಯಲ್ಲಿ ನಾನು ರಬಕವಿಯ ಚಿಗವ್ವನನ್ನು ಅವರಲ್ಲಿಗೆ ಕರೆದೊಯ್ಯುತ್ತಿದ್ದೆ. ಅವಳ ಕೆನ್ನೆಗೆ ಕ್ಯಾನ್ಸರ್ ಆಗಿತ್ತು. ಗಡ್ಡೆಗೆ ಎಕ್ಸ್‌ರೇ ಕಿರಣ ಬಿಡುವಾಗ ಡಾಕ್ಟರು ಪಕ್ಕದಲ್ಲೊಂದು ಹಳದಿ ಬಿಲ್ಲೆ ಇಡುತ್ತಿದ್ದರು. ಕಿರಣ ತಾಕಿದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಹೋಲಿಸಲೆಂದೇ ಇಟ್ಟುಕೊಂಡ ಕಾರ್ಡಿನ ಕಂದು ಬಣ್ಣಕ್ಕೆ ಅದು ಹೊಂದಿದರೆ ಡೋಸ್ ಕರೆಕ್ಟ್. ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ, ಹೆಚ್ಚಾದರೆ ಕೆನ್ನೆ ಸುಡುತ್ತದೆ.

ಕೊನೆಯ ದಿನವೆಂದು ಚಿಗವ್ವ ಹೊಸ ಕೆಂಪು ಸೀರೆ ಉಟ್ಟು ಬಂದಳು. ಯಂತ್ರ ನಿಲ್ಲಿಸಿ ಬಿಲ್ಲೆ ನೋಡಿದ ಡಾಕ್ಟರು ‘ಆತು’ ಎನ್ನಲು ಹೋಗಿ ತಡೆದರು.

“ಅಕ್ಕಾರ, ನಿಮ್ಮ ಸೀರಿಯ ಕೆಂಪು ಬಣ್ಣ ಬಿಲ್ಲಿ ಮ್ಯಾಲೆ ಬೀಳಾಕತ್ತೈತಿ, ಅದರ ಖರೇ ಬಣ್ಣ ತಿಳೀವಲ್ದು. ಈ ಬಿಳಿ ಚಾದರ ಹೊಚ್ಕೋರಿ.”

“ಮುತ್ತೈದಿಗೆ ಬಿಳಿ ಹೊಚ್ಚಾಕತ್ತೀರೇನ್ರಿ? ಛಲೋ ಡಾಕ್ಟರ್ ಅದೀರಿ!”

ಡಾಕ್ಟರು ಗೋಡೆಯ ಗಣಪತಿ ಪಟದಿಂದ ಕುಂಕುಮ ತಂದು ಚಾದರದ ತುದಿಗೆ ಹಚ್ಚಿದರು. ಚಿಗವ್ವ ಗೊಣಗುತ್ತಲೇ ಹೊದ್ದುಕೊಂಡಳು. ಈಗ ನೋಡಿದರೆ ಬಿಲ್ಲೆ ಇನ್ನೂ ಹಳದಿಯ ಕಡೆಗೇ ಇತ್ತು. ಯಂತ್ರ ಮತ್ತೆ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು.

ಕೆಲವು ತಿಂಗಳುಗಳ ಮೇಲೆ, ಮಾಯ್ದ ಕೆನ್ನೆಯನ್ನು ಅವರು ಇನ್ನೊಂದು ಕೆನ್ನೆಯೊಡನೆ ಬಹಳ ಹೊತ್ತು ಹೋಲಿಸಿದರು. “ಕೂಡ್ತು ನೋಡ್ರಿ!” ಎಂದರು.

ಚಿಗವ್ವ ಅವರ ಕಾಲುಗಳತ್ತ ನೋಡಿದಳು. ಒಂದು ಕಾಲುಚೀಲ ಕರಿ, ಒಂದು ಕಂದು.

“ಗಡಬಡಿ ಬ್ಯಾಡ್ರಿ ಡಾಕ್ಟರ್ರ,” ಎಂದಳು, ಎರಡೂ ಕೆನ್ನೆ ತುಂಬ ನಗುತ್ತ. “ಅವನ್ನೂ ಒಮ್ಮೆ ಕೂಡಿಸಿ ನೋಡ್ರಿ.”