ಕೌದಿ ಹೊದ್ದ ರೊಟ್ಟಿ ಮಷಿನ್

ಹಾನಗಲ್ಲಿನ ಕಾಲೇಜಿನಲ್ಲಿ ವರ್ಷಗಟ್ಟಲೆ ‘ದೇಶಗಳ ಅಭಿವೃದ್ಧಿಯ ದಾರಿಗಳು’ ಎಂಬ ಪಾಠ ಮಾಡುತ್ತ ಬಂದ ನನಗೆ, ಆ ದೇಶಗಳವರು ಒಂದು ದಿನ ಎದುರಿಗೇ ಬಂದು ನಿಂತಾರು ಎಂಬ ಕಲ್ಪನೆ ಇರಲಿಲ್ಲ. ಧಾರವಾಡಕ್ಕೆ ತರಬೇತಿಗೆ ಬಂದಿದ್ದ ಇಬ್ಬರು ಅಧಿಕಾರಿಗಳು, ರುವಾಂಡಾದ ಒಬ್ಬ ಹೆಣ್ಣುಮಗಳು ಮತ್ತು ವಿಯೆಟ್ನಾಮಿನ ಒಬ್ಬ ಗಂಡಸು, ಆಡೂರಿನ ಹತ್ತಿರದ ಹಳ್ಳಿಯಲ್ಲಿ ಅಧ್ಯಕ್ಷೆಯ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘವನ್ನು ನೋಡಬೇಕೆಂದರು. ಇಂಗ್ಲಿಷು-ಕನ್ನಡದ ನಡುವೆ ಮಾತು ದಾಟಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಚಿಂತೆ ಮಾಡುವುದು ನನ್ನ ನಿತ್ಯಕರ್ಮ. ನಮ್ಮ ವ್ಯಾನು ತಡಸ ದಾಟುವಷ್ಟರಲ್ಲಿ ಸಂಘದ ಅಧ್ಯಕ್ಷೆಗೆ ನಾಲ್ಕು ಸಲ ಫೋನ್ ಮಾಡಿದ್ದೆ. “ದೊಡ್ಡ ಅಧಿಕಾರಿಗಳು ಬರಾಕತ್ತಾರ್ರಿ ಅಕ್ಕಾರ. ನಿಮ್ಮ ಮನಿ ಪರಿಸ್ಥಿತಿ ನೋಡಿ ಬರಕೊಂಡು ಹೋಗ್ತಾರ. ಎಲ್ಲಾ ಸರಿ ಇಟ್ಕೋರಿ.”

ಅವರು ಸರಿಯಾಗಿಯೇ ಇಟ್ಟಿದ್ದರು. ದಾರಿಯುದ್ದಕ್ಕೂ ನಾನು ಅತಿಥಿಗಳಿಗೆ ಬಣ್ಣಿಸಿದ್ದ ರೊಟ್ಟಿ ಮಷಿನ್, ಗ್ಯಾಸು, ಫ್ರಿಜ್ಜು ಯಾವುದೂ ಕಾಣಲಿಲ್ಲ. ಅಧ್ಯಕ್ಷೆ ತೇಪೆ ಹಾಕಿದ ಸೀರೆಯುಟ್ಟು ಕಟ್ಟಿಗೆ ಒಲೆಯ ಮುಂದೆ ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದರು. ಮೂಲೆಯಲ್ಲಿ ಮೂರು ಕೌದಿ ಹೊದ್ದುಕೊಂಡು ಏನೋ ಒಂದು ಎತ್ತರಕ್ಕೆ ನಿಂತಿತ್ತು.

“ಮಷಿನ್ ಎಲ್ಲೈತ್ರಿ?” ಎಂದು ಪಿಸುಗುಟ್ಟಿದೆ.

“ಸುಮ್ನಿರ್ರಿ ಸರ್! ಸರ್ವೇದವ್ರನ್ನ ನೀವ ಕರಕೊಂಡು ಬಂದು, ನೀವ ಕೇಳ್ತೀರಲ್ಲ? ಮುಂದಿನ ತಿಂಗಳ ಮನಿಯವರ ಹಾರ್ಟಿನ ಆಪರೇಷನ್ ಐತಿ. ಇದನ್ನೆಲ್ಲಾ ನೋಡಿ ಬಿಪಿಎಲ್ ಕಾರ್ಡ್ ಕಿತ್ಕೊಂಡ್ರ ಪುಕ್ಕಟೆ ಯಾರು ಮಾಡಸ್ತಾರ, ನೀವು?”

ಅಷ್ಟರಲ್ಲಿ ರುವಾಂಡಾದವರು ಅಧ್ಯಕ್ಷೆಯ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಆಗಿತ್ತು. ಪರದೇಶದವರಿಗೂ ನಮ್ಮ ಕಾರ್ಡಿಗೂ ಏನು ಸಂಬಂಧ ಎಂಬ ಸಾದಾ ಪ್ರಶ್ನೆ ಈ ಅರ್ಥಶಾಸ್ತ್ರದ ತಲೆಗೆ ಹೊಳೆಯಲಿಲ್ಲ. ಒಬ್ಬರ ಆಪರೇಷನ್ ನನ್ನ ಫೋನಿನಿಂದ ತಪ್ಪಿತು ಎಂದುಕೊಂಡು, ತೊದಲುತ್ತ ಅತಿಥಿಗಳ ಮುಂದೆ ಎಲ್ಲವನ್ನೂ ಒಪ್ಪಿಸಿಬಿಟ್ಟೆ.

ಕಾರ್ಡು ತಮ್ಮ ಕೆಲಸವಲ್ಲ ಎಂದು ಇಬ್ಬರೂ ನಕ್ಕರು. ತಮ್ಮಲ್ಲಿ ಒಂದು ಕಾಲಕ್ಕೆ ಊರಿನವರೇ ಬಯಲಲ್ಲಿ ಕೂತು ಬಡವರು ಯಾರೆಂದು ಗೊತ್ತುಮಾಡುತ್ತಿದ್ದರು, ನೆರೆಯವರ ಕಣ್ಣಿನಿಂದ ಏನನ್ನೂ ಬಚ್ಚಿಡಲಾಗದು ಎಂದರು ರುವಾಂಡಾದವರು. ಅದನ್ನು ಕನ್ನಡಕ್ಕಿಳಿಸಿದೆ.

“ಯವ್ವಾ! ನಮ್ಮ ಓಣ್ಯಾಗ ಹಂಗ ಕುಂತ್ರ ಹೊಡದಾಟ ಆಗ್ತಾವ್ರಿ,” ಎಂದರು ಅಧ್ಯಕ್ಷೆ.

“ನಮ್ಮಲ್ಲೂ ಜಗಳ ಆಗುತ್ತಿದ್ದವು,” ಎಂಬ ಉತ್ತರ ಬಂತು.

ವಿಯೆಟ್ನಾಮಿನವರು, ಬಡವರ ಪಟ್ಟಿಯಿಂದ ಹೊರಬಂದ ಮನೆಗೂ ತಮ್ಮಲ್ಲಿ ಕೆಲಕಾಲ ಆಸ್ಪತ್ರೆಯ ನೆರವು ಉಳಿಯುತ್ತದೆ, ಮತ್ತೆ ಕೆಳಗೆ ಜಾರಬಾರದಲ್ಲ ಎಂದರು. ಅದನ್ನೂ ಕನ್ನಡದಲ್ಲಿ ಹೇಳಿದಾಗ ಅಧ್ಯಕ್ಷೆಯ ಕೈ ಹಿಟ್ಟಿನಲ್ಲೇ ನಿಂತಿತು.

“ಹಂಗಿದ್ರ ನಾ ಯಾಕ ಮುಚ್ಚಿಡ್ತಿದ್ನಿ ಸರ್? ಬಂದವ್ರಿಗೆಲ್ಲ ಕರದು ಕರದು ತೋರಸ್ತಿದ್ನಿ.”

ನನ್ನ ಹಳದಿಗಟ್ಟಿದ ನೋಟ್ಸಿನಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ರುವಾಂಡಾದವರು ಹೆಸರು ಬರೆದ ಹಾಳೆಯನ್ನು ಹರಿದು ಅಧ್ಯಕ್ಷೆಯ ಕೈಗೇ ಕೊಟ್ಟರು. ಅಧ್ಯಕ್ಷೆ ಅದನ್ನು ಎರಡು ಸಲ ತಿರುವಿ ನೋಡಿ, ಒಲೆಗೆ ಹಾಕಿ, ಪೂರ್ತಿ ಸುಡುವವರೆಗೆ ಕಾದರು. ಆಮೇಲೆ ಎದ್ದು ಕೌದಿ ಎಳೆದರು.

“ಈಗ ಬರ್ರಿ, ಮಷಿನ್ ನೋಡ್ರಿ. ಫ್ರಿಜ್ ಬಾಜೂ ಮನ್ಯಾಗೈತಿ.”

ಆಪರೇಷನ್ ಆಗುವವರೆಗೂ ನನ್ನ ಜೀವ ಕೈಯಲ್ಲೇ ಇತ್ತು. ಕಾರ್ಡು ಉಳಿದಿತ್ತು, ಅದರ ಮೇಲೆಯೇ ಆಯಿತು. ಒಂದು ಬೆಳಿಗ್ಗೆ ಅಧ್ಯಕ್ಷೆಯ ಫೋನ್ ಬಂತು: “ಮನಿಯವ್ರು ದವಾಖಾನಿಯಿಂದ ಬಂದ್ರು ಸರ್. ಪಲ್ಯಾಕ ಉಪ್ಪಿಲ್ಲಂತ ಬೈಯಾಕತ್ತಾರ.”

ಹಿಂದಿನಿಂದ ಆ ಬೈಗುಳ ನನಗೂ ಕೇಳಿಸಿತು. ದನಿ ಗಟ್ಟಿಯಾಗಿತ್ತು.