ಸಂಗಣ್ಣ ಡಾಕ್ಟರ ಮೊದಲನೆಯ ಲೇಖನ

ಸಂಗಣ್ಣ ಡಾಕ್ಟರು ಯಾರನ್ನು ಕಂಡರೂ ಮೊದಲು ಅವರ ಹಲ್ಲು ನೋಡುತ್ತಿದ್ದರು. ಹೆಸರು, ಯೋಗಕ್ಷೇಮ ಎಲ್ಲ ಆಮೇಲೆ. ಕಡಗಂಚಿಯ ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಬಿಳಿ ಮೀಸೆಯ, ಚಪ್ಪಲಿಗೆಲ್ಲ ಕರಿಮಣ್ಣು ಮೆತ್ತಿಕೊಂಡ ಒಬ್ಬರು ಕೌಂಟರಿನ ಆಚೆ ನಿಂತು ನನ್ನ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಚಿಕ್ಕಂದಿನಿಂದ ನನ್ನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಮದುವೆಯ ಫೋಟೊದಲ್ಲೂ ತುಟಿ ಬಿಗಿದುಕೊಂಡೇ ಇದ್ದೇನೆ. ಸೆರಗನ್ನು ಬಾಯಿಗೆ ತಂದೆ.

"ಯಡ್ರಾಮಿ ಕಡೆಯವ್ರೇನ್ರಿ?" ಎಂದರು.

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತ್ರಿ?"

"ಹಲ್ಲು ಹೇಳ್ತಾವ. ಮುಚ್ಕೋಬ್ಯಾಡವ್ವಾ. ನಿನ್ನ ತಪ್ಪೇನಿಲ್ಲ. ನಿಮ್ಮೂರ ನೀರಿನಾಗ ಫ್ಲೋರೈಡ್ ಜಾಸ್ತಿ ಅದ, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ."

ಅಷ್ಟು ವರ್ಷ ಅದು ನನ್ನದೇ ಕೊಳಕು ಎಂದುಕೊಂಡಿದ್ದೆ. ಅಂದು ಸೆರಗು ಕೆಳಗಿಳಿಸಿದೆ.

ಅವರು ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮನೆ ಜೇವರ್ಗಿಯಲ್ಲಿ. ಶನಿವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ, ಸಂಶೋಧನೆಯ ಜರ್ನಲ್‌ಗಳನ್ನು ಓದಲು ನಮ್ಮಲ್ಲಿಗೆ ಬರುತ್ತಿದ್ದರು. ಹೆಗಲ ಚೀಲದಲ್ಲಿ ನೀರಿನ ಬಾಟಲಿಗಳು: ಕೆಲವು ಆಳಂದದ ಹಳ್ಳಿಗಳವು, ಕೆಲವು ಅಫಜಲಪುರದ ಭೀಮಾ ದಂಡೆಯವು, ಹೆಚ್ಚಿನವು ಯಡ್ರಾಮಿ ಸುತ್ತಿನವು. ಬಾಟಲಿಯ ಮೇಲೆ ನೀರು ಸೇದಿಕೊಟ್ಟ ಹೆಣ್ಣುಮಗಳ ಹೆಸರು ಬರೆದು ಅಂಟಿಸುತ್ತಿದ್ದರು. "ಬಾವಿಗಿ ನಂಬರ್ ಕೊಟ್ರ ಮರ್ತು ಹೋಗ್ತದ. ಗಂಗವ್ವನ ನೀರು ಅಂದ್ರ ಆಕಿ ಮಾರಿ ನೆನಪಿರ್ತದ," ಎನ್ನುತ್ತಿದ್ದರು.

ಅವರ ಮೊದಲನೆಯ ಲೇಖನ ನಮ್ಮೂರಿನ ಮಕ್ಕಳ ಬಗ್ಗೆಯೇ ಇತ್ತು. ಫ್ಲೋರೈಡ್ ಹಲ್ಲಿನಿಂದ ಮೂಳೆಗೆ ಇಳಿಯಲು ವರ್ಷಗಳು ಬೇಕು; ಹಾಗಾಗಿ ಐದಾರು ವರ್ಷ ಅದೇ ಮಕ್ಕಳನ್ನು ಮತ್ತೆ ಮತ್ತೆ ನೋಡಿ ಬರೆಯಬೇಕೆಂದಿದ್ದರು. ಆದರೆ ಕಾಲೇಜಿನಲ್ಲಿ ಬಡ್ತಿಗೆ ಪ್ರಕಟಿತ ಲೇಖನ ಬೇಕಿತ್ತು. ಇದ್ದಷ್ಟು ಬರೆದು ಕಳಿಸಿ ಎಂದು ಮೇಲಿನವರು ಒತ್ತಾಯ ಮಾಡಿದರು. ಎರಡೇ ವರ್ಷದ ಲೆಕ್ಕ ಹಿಡಿದು ಬರೆದರು. ಮಕ್ಕಳ ಹಲ್ಲಿಗೆ ಕಲೆ ಹಿಡಿದಿದೆ, ಮೂಳೆಗಳಲ್ಲಿ ತೊಂದರೆ ಕಂಡುಬಂದಿಲ್ಲ ಎಂಬುದು ಅದರ ಸಾರ. ನನ್ನ ಅಕ್ಕನ ಮಗಳು ಭಾಗ್ಯ ಆಗ ಐದು ವರ್ಷದವಳು. ಅವಳೂ ಆ ಪಟ್ಟಿಯಲ್ಲಿದ್ದಳು.

ಒಬ್ಬ ಸಂಶೋಧಕ ತನ್ನ ಬರಹದಲ್ಲಿ ಇನ್ನೊಬ್ಬರ ಲೇಖನವನ್ನು ಹೆಸರಿಸಿದರೆ ಅದನ್ನು ಉಲ್ಲೇಖ ಎನ್ನುತ್ತಾರೆ. ಯಾರ ಲೇಖನಕ್ಕೆ ಎಷ್ಟು ಉಲ್ಲೇಖ ಎಂದು ಕಂಪ್ಯೂಟರಿನಲ್ಲಿ ಹುಡುಕಿಕೊಡುವುದು ನನ್ನ ಕೆಲಸಗಳಲ್ಲಿ ಒಂದು. ಡಾಕ್ಟರ ಲೇಖನಕ್ಕೆ ಮೊದಲ ಉಲ್ಲೇಖ ಬಂದ ದಿನ ಅವರು ಪೇಢೆ ತಂದರು. "ಯಾವುದೋ ದೇಶದಾಂವ ನಮ್ಮೂರ ನೀರಿನ ಸುದ್ದಿ ಬರ್ದಾನ ನೋಡವ್ವಾ," ಎಂದು ವಾಚ್‌ಮನ್‌ಗೂ ಕೊಟ್ಟರು. ಆಮೇಲೆ ಉಲ್ಲೇಖಗಳು ಏರುತ್ತ ಹೋದವು. ಪಟ್ಟಿಯನ್ನು ಮುದ್ರಿಸಿಕೊಟ್ಟರೆ ಅಂಗಿಯ ಜೇಬಿನಲ್ಲಿ ಮಡಚಿಟ್ಟುಕೊಂಡು ಹೋಗುತ್ತಿದ್ದರು.

ಬಡ್ತಿ ಸಿಕ್ಕಿತು. ಆದರೂ ಹಳ್ಳಿಗೆ ಹೋಗುವುದನ್ನು ಬಿಡಲಿಲ್ಲ. ಐದಾರು ವರ್ಷದ ಮೇಲೆ ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಲು ಹೊರಟಾಗ, ತಾಯಂದಿರ ಜೊತೆ ಮಾತಾಡಲು ಬೇಕೆಂದು ನನ್ನನ್ನೂ ಕರೆದುಕೊಂಡು ಹೋದರು. ಅಕ್ಕನ ಮನೆಯ ಅಂಗಳದಲ್ಲಿ ಭಾಗ್ಯಳನ್ನು ನಿಲ್ಲಿಸಿ, "ಕಾಲು ಜೋಡ್ಸಿ ನಿಂದ್ರು ಮಗಳ," ಎಂದರು.

ಮೊಣಕಾಲುಗಳು ಒಂದಕ್ಕೊಂದು ತಾಗಿದವು. ಪಾದಗಳು ತಾಗಲಿಲ್ಲ. ಡಾಕ್ಟರು ಕುಕ್ಕರಗಾಲಲ್ಲಿ ಕೂತು ಅವಳ ಎರಡು ಪಾದಗಳ ನಡುವೆ ತಮ್ಮ ಮುಷ್ಟಿ ಇಟ್ಟರು. ಸಲೀಸಾಗಿ ಹಿಡಿಸಿತು. ಎರಡನೆಯ ಮುಷ್ಟಿಯನ್ನೂ ಇಟ್ಟರು.

"ನೆಲಕ್ಕ ಕುಂದ್ರಾಕ ಬರೂದಿಲ್ರಿ ಆಕಿಗಿ," ಎಂದಳು ಅಕ್ಕ. "ಬೆಳಿಯೂಮುಂದ ಹಿಂಗ ಆಗ್ತದ, ಬರೋಬ್ಬರಿ ಆಗ್ತದ ಅಂತಾರ್ರಿ ಮಂದಿ. ಖರೇ ಏನ್ರಿ?"

ಡಾಕ್ಟರು ಮುಂದಿನ ಮಗುವನ್ನು ಕರೆದರು. ಆ ದಿನ ಹಾಗೆ ನಿಂತ ಮಕ್ಕಳು ಬಹಳ. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಇವ್ರಿಗೆಲ್ಲ ಏನೂ ಇಲ್ಲ ಅಂತ ನಾನೇ ಬರದೇನಲ್ಲವ್ವಾ."

ಹೊಸ ಲೇಖನ ಬರೆದರು. ಒಂದು ಜರ್ನಲ್ ತಿರಸ್ಕರಿಸಿತು, ಇನ್ನೊಂದು ತಿರಸ್ಕರಿಸಿತು. ಮೂರನೆಯದು ಕಾರಣ ಬರೆದು ಕಳಿಸಿತು. ಲೇಖಕರ ಹೆಸರು ಮುಚ್ಚಿ ಓದಲು ಕೊಡುವುದು ಪದ್ಧತಿ; ಹಾಗಾಗಿ ಬರೆದವರು ಯಾರೆಂದು ತಿಳಿಯದ ಪರಿಶೀಲಕರೊಬ್ಬರು, ಇದೇ ಪ್ರದೇಶದ ಬಗ್ಗೆ ಡಾ. ಸಂಗಣ್ಣನವರ ಬಹುಮಾನ್ಯ ಅಧ್ಯಯನ ಇದಕ್ಕೆ ವಿರುದ್ಧವಾಗಿದೆ, ಅದನ್ನು ಗಮನವಿಟ್ಟು ಓದಿ ಎಂದಿದ್ದರು. ಡಾಕ್ಟರು ಅದನ್ನು ನನ್ನ ಕಂಪ್ಯೂಟರಿನ ಮುಂದೆ ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು.

"ಓದೇನ್ರಿಯಪ್ಪಾ, ಓದೇನಿ," ಎಂದು ಪರದೆಗೆ ಕೈಮುಗಿದರು.

ಹಳೆಯ ಲೇಖನವನ್ನು ತಿದ್ದಿ ಎಂದು ಅದನ್ನು ಅಚ್ಚು ಮಾಡಿದ ಜರ್ನಲ್‌ಗೆ ಬರೆದರು. ಆ ಹೊತ್ತಿನ ಮಾಹಿತಿ ಸರಿಯಾಗಿಯೇ ಇದೆ, ತಿದ್ದುವಂಥ ತಪ್ಪು ಯಾವುದೂ ಇಲ್ಲ ಎಂದು ಜವಾಬು ಬಂತು. ಅದು ಸುಳ್ಳೂ ಅಲ್ಲ. ಆ ಹೊತ್ತಿಗೆ ಮಕ್ಕಳ ಮೂಳೆಗಳು ನೇರವಾಗಿಯೇ ಇದ್ದವು.

ಅಷ್ಟರಲ್ಲಿ ನಮ್ಮೂರಿನವರು ನೀರು ಶುದ್ಧೀಕರಣ ಘಟಕ ಬೇಕೆಂದು ಅರ್ಜಿ ಹಾಕಿದ್ದರು. ಸರಕಾರಿ ಕಚೇರಿಯಲ್ಲಿ ಅರ್ಜಿಯ ಜೊತೆ ಡಾಕ್ಟರ ಆ ಹಳೆಯ ಲೇಖನದ ಪ್ರತಿ ಲಗತ್ತಾಗಿತ್ತು. ಮೂಳೆಗೆ ತೊಂದರೆ ಇಲ್ಲದ ಊರು ಎಂದು ನಮ್ಮದನ್ನು ಪಟ್ಟಿಯ ಕೊನೆಗೆ ಹಾಕಿದ್ದರು. ಡಾಕ್ಟರು ನನ್ನನ್ನು ಕರೆದುಕೊಂಡು ಅಧಿಕಾರಿಯ ಬಳಿ ಹೋದರು.

"ಇದನ್ನ ಬರ್ದಾಂವ ನಾನೇರಿ. ಇದು ಈಗ ಖರೇ ಅಲ್ಲ ಅಂತ ಹೇಳಾಕ ಬಂದೇನಿ."

ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟು ಚಹಾ ತರಿಸಿದರು. "ನೀವು ದೊಡ್ಡವ್ರು ಸರ್. ಆದ್ರ ಬಾಯಿಮಾತ್ಲೆ ಹೇಳಿದ್ರ ಫೈಲಿನಾಗ ಹ್ಯಾಂಗ ಹಾಕ್ಲಿ? ಅಚ್ಚಾಗಿದ್ದು ಏನರ ಇದ್ರ ತರ್ರಿ, ಇವತ್ತೇ ಮಾಡ್ತೇನಿ."

ಚಹಾ ಆರಿ ಕೆನೆ ಕಟ್ಟಿತು. ಅವರು ಮುಟ್ಟಲಿಲ್ಲ.

ಅದೇ ವರ್ಷ ಕಾಲೇಜಿನವರು, ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಾಧ್ಯಾಪಕ ಎಂದು ಅವರಿಗೆ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮೈಕು ಕೈಗೆ ಬಂದಾಗ ಹಾರ ತೆಗೆದು ಮೇಜಿನ ಮೇಲಿಟ್ಟರು.

"ಆ ಲೇಖನ ಯಾರೂ ಓದಬ್ಯಾಡ್ರಿ," ಎಂದರು. "ನಾ ಅವಸರ ಮಾಡಿ ಬರದೇನಿ. ಕೈಮುಗ್ದು ಹೇಳ್ತೇನಿ, ಅದರ ಹೆಸರು ಎಲ್ಲೂ ಹಾಕಬ್ಯಾಡ್ರಿ."

ಸಭೆ ನಕ್ಕಿತು. ಎಂಥ ವಿನಯ ಎಂದು ನಿರೂಪಕಿ ಹೊಗಳಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ವೇದಿಕೆಯ ಮೇಲೆ ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು, ಜಾತ್ರೆಯಲ್ಲಿ ಕೈತಪ್ಪಿದವರ ಹಾಗೆ.

ಆಮೇಲೆ ಶನಿವಾರಗಳು ತಪ್ಪತೊಡಗಿದವು. ಕೊನೆಯ ಸಲ ಅವರನ್ನು ಕಂಡದ್ದು ಅಕ್ಕನ ಮನೆಯಲ್ಲೇ. ನಾನು ಊರಿಗೆ ಹೋಗಿದ್ದೆ. ಅವರು ಯಾರಿಗೂ ಹೇಳದೆ ಬಂದಿದ್ದರು. ಬಹಳ ಸೊರಗಿದ್ದರು. ಭಾಗ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ತಪ್ಪಾತವ್ವಾ," ಎಂದರು ಅವಳಿಗೆ.

"ನೀವೇನ್ ಮಾಡೀರಿ ಕಾಕಾ? ನೀರು ಮಾಡ್ಯಾದ."

"ಆವಾಗ ನೇರ ಇದ್ವು ನಿನ್ನ ಕಾಲು. ನಾ ಇನ್ನಷ್ಟು ವರ್ಷ ಬಾಯಿ ಮುಚ್ಕೊಂಡು ಇರಬೇಕಾಗಿತ್ತು," ಎಂದು ಹೇಳಿ, ಅಕ್ಕ ಒಲೆಯ ಮೇಲೆ ಇಟ್ಟಿದ್ದ ಚಹಾಕ್ಕೂ ಕಾಯದೆ ಬಸ್ಸಿಗೆ ಹೊರಟುಹೋದರು.

ಒಂದು ತಿಂಗಳಾಗಿರಲಿಲ್ಲ, ಡಾಕ್ಟರು ಹೃದಯ ನಿಂತು ತೀರಿಕೊಂಡರೆಂದು ಜೇವರ್ಗಿಯಿಂದ ಫೋನ್ ಬಂತು. ಹೊಸ ಲೇಖನ ಇವತ್ತಿಗೂ ಎಲ್ಲಿಯೂ ಅಚ್ಚಾಗಿಲ್ಲ. ಹಳೆಯದರ ಉಲ್ಲೇಖ ಏರುತ್ತಲೇ ಇದೆ. ಅದು ಈಗ ನಿಜವಲ್ಲ ಎಂದು, ಅದನ್ನು ಹೆಸರಿಸಿದವರಿಗೆ ನಾನೇ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತೇನೆ. ಒಬ್ಬರು ಮಾತ್ರ ಉತ್ತರಿಸಿದರು: ನೀವು ವೈದ್ಯರೆ?

ಡಾಕ್ಟರ ಮಣ್ಣು ಮುಗಿಸಿಕೊಂಡು ಊರಿಗೆ ಹೋದ ದಿನ ಭಾಗ್ಯ ಒಬ್ಬಳೇ ಮನೆಯಲ್ಲಿದ್ದಳು. ಸುದ್ದಿ ಹೇಳಿದೆ.

"ಹಂಗಾರ ನಮ್ಮೂರಿಗಿ ಇನ್ನ ಯಾರು ಬರ್ತಾರ ಚಿಕ್ಕಿ?"

ಅವಳು ಗೋಡೆ ಹಿಡಿದು ಒಳಗೆ ಹೋಗಿ ಕೊಡದಿಂದ ಅದೇ ಬಾವಿಯ ನೀರನ್ನು ಚರಿಗೆ ತುಂಬಿ ತಂದಳು. ಬಿಸಿಲಲ್ಲಿ ಬಂದಿದ್ದೆ, ಗಂಟಲು ಒಣಗಿತ್ತು. ಕುಡಿದೆ.